ಹೊತ್ತು ಮುಳುಗುವ ಮುಂಚಿನ ಠರಾವು

ಕರೋಶಿಯ ಧರೆಪ್ಪ ಹದಿನೆಂಟು ವರ್ಷದಿಂದ ನಮ್ಮೂರ ಹುಡುಗಿಯರಿಗೆ ಹಾಕಿ ಆಟ ಕಲಿಸುತ್ತಿದ್ದಾನೆ. ಕಲಿಸುತ್ತಿದ್ದ ಎನ್ನಬೇಕು, ಈಗ ತಂಡವೇ ಇಲ್ಲ. ಯಾರು ಹಾಳು ಮಾಡಿದರು ಎಂದು ಚಹಾದಂಗಡಿಯಲ್ಲಿ ದಿನಾ ಚರ್ಚೆ. ಆ ಬಾಯಿಬಡುಕರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಂಡದ ಹಣೆಬರಹ ಬರೆದ ಆ ಸಭೆಯಲ್ಲಿ ಅವರೂ ಇದ್ದರು, ನಾನೂ ಇದ್ದೆ.

ಮೂರು ವರ್ಷದ ಹಿಂದಿನ ಮಾತು. ಕಪ್ ಗೆಲ್ಲಲು ಹೊರಗಿನ ಆರು ಆಟಗಾರ್ತಿಯರನ್ನು ತಂದು ನಮ್ಮ ಹುಡುಗಿಯರನ್ನು ಬೆಂಚಿನ ಮೇಲೆ ಕೂರಿಸುವ ವಿಷಯವನ್ನು ಊರ ಕ್ರೀಡಾ ಸಂಘದ ಕಾರ್ಯದರ್ಶಿ ರಾಜಾರಾಮ ಸಭೆಯ ಕೊನೆಗೆ ಎತ್ತಿದ. ಅಷ್ಟರಲ್ಲಿ ಹೊತ್ತು ಕಬ್ಬಿನ ಗದ್ದೆಯ ಮೇಲೆ ಇಳಿದಿತ್ತು. ಅಧ್ಯಕ್ಷ ತಾತ್ಯಾಸಾಹೇಬರು ಕಟ್ಟಾ ಜೈನರು, ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟುವವರಲ್ಲ.

"ಅಣ್ಣಾರ, ನಂದೊಂದ ಮಾತೈತ್ರಿ," ಎಂದು ಧರೆಪ್ಪ ಎದ್ದು ನಿಂತ.

ರಾಜಾರಾಮ ಅವನ ಅಂಗಿ ಜಗ್ಗಿದ. "ಕುಂದರೋ ಮಾರಾಯಾ! ಅಣ್ಣಾರ ಊಟದ ಹೊತ್ತ ಮೀರಾಕತ್ತೈತಿ. ಅವ್ರನ್ನ ಉಪಾಸ ಕೆಡವತಿಯೇನ?"

ಧರೆಪ್ಪ ಕುಳಿತ. ಎಲ್ಲರೂ ಕೈ ಎತ್ತಿದೆವು. ಅವನೂ ಎತ್ತಿದ.

ಕಪ್ ಬಂತು, ಮೆರವಣಿಗೆಯೂ ಆಯಿತು. ಆರು ವರ್ಷ ಗೋಲು ಕಾದಿದ್ದ ದೀಪಾಲಿ ಮಾತ್ರ ಅಷ್ಟೂ ಪಂದ್ಯ ಕಾಲಿಗೆ ಪ್ಯಾಡ್ ಕಟ್ಟಿಕೊಂಡು ಬೆಂಚಿನ ಮೇಲೇ ಕೂತಿದ್ದಳು. ಮರುವರ್ಷ ಹೊರಗಿನವರು ಈ ಕಡೆ ತಲೆ ಹಾಕಲಿಲ್ಲ. ಧರೆಪ್ಪ ನಮ್ಮ ಹುಡುಗಿಯರ ಮನೆಮನೆಗೆ ತಿರುಗಿದ. ಹೊಲಿಗೆ ಯಂತ್ರದ ಮುಂದಿದ್ದ ದೀಪಾಲಿ ತಲೆಯನ್ನೂ ಎತ್ತದೆ ಕೇಳಿದಳು, "ಸರ, ಅವತ್ತ ನಮ್ಮ ಸಲುವಾಗಿ ಒಬ್ಬರರ ಬ್ಯಾಡ ಅಂದ್ರೇನ್ರಿ?"

ಅವನು ಎದ್ದು ಬಂದ.

ವರ್ಷವರ್ಷಕ್ಕೆ ಹುಡುಗಿಯರು ಕಡಿಮೆಯಾದರು, ಈ ವರ್ಷ ಆಡಲು ನಾಲ್ಕೇ ಹೆಸರು ಬಂದವು. ತಂಡದ ಹೆಸರನ್ನೇ ಟೂರ್ನಮೆಂಟಿನವರು ಪಟ್ಟಿಯಿಂದ ಹೊಡೆದುಹಾಕಿದರು. ಅಂದು ಸಂಜೆ ಧರೆಪ್ಪ ಸಿಟ್ಟಿನಿಂದ ತಾತ್ಯಾಸಾಹೇಬರ ಮನೆಗೆ ನುಗ್ಗಿದ. ತಡೆಯಲೆಂದು ನಾನೂ ಹಿಂದೆ ಓಡಿದೆ. ಅವರು ಊಟಕ್ಕೆ ಕೂತಿದ್ದರು.

"ತಂಡ ಮುಗೀತ್ರಿ ಅಣ್ಣಾರ! ನಿಮ್ಮ ಕಪ್ ನಮ್ಮ ಹುಡುಗ್ಯಾರನ್ನ ನುಂಗಿಬಿಡ್ತು. ಅವತ್ತ ನಾ ಇದನ್ನ ಹೇಳಾಕ ಎದ್ದಿದ್ದೆ."

"ಮತ್ತ್ಯಾಕ ಹೇಳಲಿಲ್ಲೋ?"

"ನಿಮ್ಮ ಊಟದ ಹೊತ್ತು..."

ತಾತ್ಯಾಸಾಹೇಬರ ಕೈಯ ತುತ್ತು ತಟ್ಟೆಗೆ ಬಿತ್ತು. "ಅಯ್ಯೋ ಹುಚ್ಚಪ್ಪಾ! ಒಂದಿನ ಉಪಾಸ ಇದ್ದಿದ್ರ ನಾ ಸಾಯ್ತಿದ್ನೇನ? ಪರ್ಯುಷಣದ ವ್ರತದಾಗ ಎಂಟೆಂಟ ದಿನ ಇರ್ತೀನಲ್ಲೋ!"

ಧರೆಪ್ಪ ಹೊಸ್ತಿಲ ಮೇಲೆ ಕುಸಿದು ಅತ್ತುಬಿಟ್ಟ. ನನಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ತಾತ್ಯಾಸಾಹೇಬರು ತಟ್ಟೆಯನ್ನು ಆಚೆ ಸರಿಸಿದರು. ನಾವು ಮೂವರೂ ಹಾಗೇ ಕೂತಿದ್ದಾಗಲೇ ಹೊತ್ತು ಮುಳುಗಿತು. ಅಂದು ಅವರು ಉಪವಾಸವೇ ಮಲಗಿದರು, ಮೂರು ವರ್ಷ ತಡವಾಗಿ.