ನಾಗಮ್ಮನ ಜೋಳ

ನಮ್ಮ ಅಂಗಡಿಯ ಜೋಳದ ಚೀಲಕ್ಕೆ ಒಂದು ಮುರುಕು ಪಾಟಿಯನ್ನು ಒರಗಿಸಿಟ್ಟಿರುತ್ತಾರೆ. ಮಕ್ಕಳು ಅಕ್ಷರ ತಿದ್ದುವ ಪಾಟಿಯೇ. ಒಂದು ಮೂಲೆ ಒಡೆದಿದೆ, ಸುತ್ತಲಿನ ಕಟ್ಟಿಗೆಯ ಚೌಕಟ್ಟು ಸಡಿಲಾಗಿದೆ. ಮೊನ್ನೆ ಮೊನ್ನೆಯವರೆಗೂ ಅದರ ಮೇಲೆ ಬಳಪದಲ್ಲಿ ಬರೆದಿದ್ದುದು ಎರಡೇ ಪದ: ನಾಗಮ್ಮನ ಜೋಳ. ಇದರಲ್ಲೇನಿದೆ ಎಂದು ನೀವು ಕೇಳಬಹುದು. ನಿಮಗೇನೂ ಇಲ್ಲದಿರಬಹುದು ಸ್ವಾಮಿ. ನನಗೆ ಮಾತ್ರ ಆ ಎರಡು ಪದ ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆಯೊಳಗೆ ಯಾರೋ ಒಲೆ ಊದಿದಂತಾಗುತ್ತಿತ್ತು. ಹೊಟ್ಟೆ ತಣ್ಣಗಿರಲೆಂದು ಕಾಳುಕಡಿ ಕೊಳ್ಳಲು ಹೋಗುವ ಜಾಗದಲ್ಲೇ ಹೊಟ್ಟೆಕಿಚ್ಚನ್ನೂ ತುಂಬಿಸಿಕೊಂಡು ಬರುವ ಗಿರಾಕಿ ಹೊಸಪೇಟೆಯಲ್ಲಿ ನಾನೊಬ್ಬಳೇ ಇದ್ದೇನು.

ಅಂಗಡಿ ಎಂದೆನಲ್ಲ, ಅದು ಯಾರೊಬ್ಬರದೂ ಅಲ್ಲ. ನಮ್ಮ ಓಣಿಯ ನಿವೃತ್ತ ಗಿರಿಜಾ ಟೀಚರ್ ನಮ್ಮಂಥ ಒಂದಷ್ಟು ಹೆಂಗಸರನ್ನು ಒಟ್ಟುಗೂಡಿಸಿ, ಮುಚ್ಚಿಹೋದ ಅಕ್ಕಿ ಗಿರಣಿಯೊಂದರ ಗೋದಾಮನ್ನು ಬಾಡಿಗೆಗೆ ಹಿಡಿದು, ಎಲ್ಲರ ಪಾಲಿನಲ್ಲಿ ತೆರೆದದ್ದು. ಬೆಳಗಿನ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಊಟಕ್ಕೆ ಮರಳಿ ಬರಬಹುದಾದಷ್ಟು ದೂರದಲ್ಲಿ ಬೆಳೆದದ್ದು ಮಾತ್ರ ಅಲ್ಲಿ ಸಿಗಬೇಕು ಎಂಬುದು ಟೀಚರ ಕಟ್ಟಪ್ಪಣೆ. ಹಾಗಾಗಿ ಕಂಪ್ಲಿಯ ಬೆಲ್ಲ, ಬುಕ್ಕಸಾಗರದ ಅಕ್ಕಿ, ಸಂಡೂರು ಗುಡ್ಡದ ಸೀತಾಫಲ, ಗಾಣದಲ್ಲಿ ತೆಗೆದ ಶೇಂಗಾ ಎಣ್ಣೆ ಇವುಗಳಿಗೆ ಅಲ್ಲಿ ಪ್ರವೇಶ. ಬಣ್ಣದ ಪೊಟ್ಟಣಗಳಿಗೆ ಇಲ್ಲ. ಪ್ರತಿ ಚೀಲದ ಮುಂದೆ ಬೆಳೆದವರ ಹೆಸರಿನ ಪಾಟಿ. ತಕ್ಕಡಿಯ ಮುಂದೆ ಕೂರುವ ಪಾಳಿ ಸದಸ್ಯರೆಲ್ಲರಿಗೂ ಬರುತ್ತದೆ. ನನ್ನದು ಗುರುವಾರ.

ನಾಗಮ್ಮ ನನಗೆ ಪರಕೀಯಳಲ್ಲ, ನೆಗೆಣ್ಣಿ. ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಪಾಪಿನಾಯಕನಹಳ್ಳಿಯಲ್ಲಿ ಮನೆತನದ ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡಾಗ ನಡುವೆ ಒಂದು ಬದು ಬಿತ್ತು. ರಸ್ತೆ ಕಡೆಯ ಅರ್ಧ ನಮಗೆ, ಒಳಗಿನ ಅರ್ಧ ಅವರಿಗೆ. ಬದು ಹಾಕುವ ದಿನ ನಮ್ಮತ್ತೆ ಸೊಸೆಯರಿಬ್ಬರನ್ನೂ ಅಲ್ಲೇ ನಿಲ್ಲಿಸಿ ಒಂದು ಕಟ್ಟಳೆ ಮಾಡಿದ್ದರು: ಒಬ್ಬರ ಬಳ್ಳಿ ಬದು ದಾಟಿ ಇನ್ನೊಬ್ಬರ ಹೊಲದಲ್ಲಿ ಕಾಯಿ ಬಿಟ್ಟರೆ ಆ ಕಾಯಿ ಇಬ್ಬರಿಗೂ ಅರ್ಧರ್ಧ, ಜಗಳವಾಡಕೂಡದು. ನಾಗಮ್ಮ ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಬದು ದಾಟಿದ ಕುಂಬಳಬಳ್ಳಿಯ ಒಂದೇ ಒಂದು ಕಾಯಿಯನ್ನು ಎರಡು ಹೋಳು ಮಾಡಿ, ನಮ್ಮ ಹೋಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಹೊಸಪೇಟೆಗೆ ಬಂದು ಕೊಟ್ಟು ಹೋಗುತ್ತಿದ್ದಳು.

ಆಮೇಲೆ ಅದಿರಿನ ಕಾಲ ಬಂತು. ಅದನ್ನು ನಿಮಗೇನು ವರ್ಣಿಸಲಿ. ಆ ದಿನಗಳಲ್ಲಿ ನಮ್ಮ ಕಡೆ ಲಾರಿಯಿಲ್ಲದ ರಸ್ತೆಯಾಗಲಿ, ಲಾರಿಯ ಮಾತಿಲ್ಲದ ಮನೆಯಾಗಲಿ ಇರಲಿಲ್ಲ. ಗುತ್ತಿಗೆದಾರನೊಬ್ಬ ಅದಿರು ಗುಡ್ಡೆ ಹಾಕಲು ರಸ್ತೆಗೆ ಹತ್ತಿದ ಹೊಲ ಬೇಕೆಂದು ಬಂದ. ನಮ್ಮ ಯಜಮಾನರು ಕರಾರಿಗೆ ರುಜು ಹಾಕಿ ಬಂದು, "ಬಿತ್ತೂದಿಲ್ಲ, ಬೆಳೆಯೂದಿಲ್ಲ, ಹೊಲ ಮಲಗಿದಲ್ಲೇ ರೊಕ್ಕ ಕೊಡತೈತಿ ನೋಡು" ಎಂದು ಹಿಗ್ಗಿದರು. ನಾನೂ ಹಿಗ್ಗಿದೆ. ಅಡುಗೆಮನೆಗೆ ಹೊಳೆಯುವ ಕಲ್ಲು ಬಂತು, ಅಂಗಳಕ್ಕೆ ಬಿಳಿ ಕಾರು ಬಂತು. ಅಕ್ಕಪಕ್ಕದವರು ಕಾರು ನೋಡಿ ಕಣ್ಣು ಕಿರಿದು ಮಾಡಿದ್ದನ್ನು ನೋಡಿ ಸವಿದವಳು ನಾನು. ಇನ್ನೊಬ್ಬರ ಹೊಟ್ಟೆಕಿಚ್ಚಿನ ಮುಂದೆ ಮೈ ಕಾಯಿಸಿಕೊಳ್ಳುವ ಸುಖ ಸಣ್ಣದಲ್ಲ. ಆದರೆ ನಾಗಮ್ಮನ ಅರ್ಧವನ್ನು ಆ ಗುತ್ತಿಗೆದಾರ ಕೇಳಲೇ ಇಲ್ಲ. ಅದು ಒಳಗಿತ್ತು, ಲಾರಿ ತಿರುಗಿಸಲು ಅನುಕೂಲವಿರಲಿಲ್ಲ. ಹೀಗಾಗಿ ಅವಳು ಎಂದಿನಂತೆ ಜೋಳ ಬಿತ್ತಿದಳು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಅಂಗಡಿಯ ಸಭೆಯಲ್ಲಿ ಗಿರಿಜಾ ಟೀಚರ್ ಕನ್ನಡಕ ಸರಿಪಡಿಸಿಕೊಂಡು, "ಇಂಥಾ ಕಾಲದಾಗೂ ಮಣ್ಣು ಮಾರಿಕೊಳ್ಳದಾಕಿ ನಮ್ ನಾಗಮ್ಮ" ಎಂದು ಹೊಗಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಎದ್ದು ನಿಂತು, ಅಮ್ಮಾ, ಅವಳ ಹೊಲ ರಸ್ತೆಗೆ ಹತ್ತಿರಲಿಲ್ಲ ಅಷ್ಟೇ, ಎಂದು ಕೂಗಬೇಕೆನ್ನಿಸಿತು. ನಾನು ಕೂಗುವ ಮೊದಲು ನಾಗಮ್ಮನೇ ನಕ್ಕುಬಿಟ್ಟಳು: "ಟೀಚರ್, ಸುಳ್ಳು ಹೊಗಳಬ್ಯಾಡ್ರಿ. ನಮ್ಮನ್ನ ಯಾರೂ ಕೇಳಲಿಲ್ಲ. ಕೇಳಿದ್ರ ನಾವೂ ಕೊಡತಿದ್ವಿ." ಚಪ್ಪಾಳೆ ಇನ್ನೂ ಜೋರಾಯಿತು. ನೋಡಿದಿರಾ ನನ್ನ ಗತಿ? ನಾನು ಅವಳ ವಿರುದ್ಧ ಜೋಪಾನವಾಗಿ ಇಟ್ಟುಕೊಂಡಿದ್ದ ಒಂದೇ ಒಂದು ಮಾತನ್ನೂ ಅವಳೇ ಆಡಿ ಮುಗಿಸಿದ್ದಳು.

ಹೊಟ್ಟೆಕಿಚ್ಚಿನ ಬಗ್ಗೆ ನಾನು ಸಾಕಷ್ಟು ಯೋಚಿಸಿದ್ದೇನೆ. ಗುರುವಾರದ ತಕ್ಕಡಿಯ ಮುಂದೆ ಅದಕ್ಕೆ ಬೇಕಾದಷ್ಟು ಬಿಡುವು ಸಿಗುತ್ತದೆ. ಸೀರೆ, ಸರ, ಸೈಟು ಇವುಗಳ ಮೇಲಿನ ಅಸೂಯೆಗೆ ಮದ್ದಿದೆ, ನಾವೂ ಒಂದನ್ನು ಕೊಂಡರಾಯಿತು. ನನ್ನ ಅಸೂಯೆಯ ಕಥೆಯೇ ಬೇರೆ. ದೋಣಿಮಲೈ ಗಣಿಯ ಕ್ವಾರ್ಟರ್ಸಿನಿಂದ ಸ್ಟಾಫ್ ಬಸ್ಸಿನಲ್ಲಿ ಬರುವ ಹೆಂಗಸೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ನಾಗಮ್ಮಂದು ಐತೇನ್ರಿ?" ಎನ್ನುತ್ತಾರೆ. ಜೋಳ ಇದೆಯೇ ಎಂದಲ್ಲ, ನಾಗಮ್ಮಂದು ಇದೆಯೇ ಎಂದು. ಒಮ್ಮೆ ನಾನು ಬೇಕೆಂದೇ "ಜೋಳ ಐತ್ರಿ" ಎಂದಷ್ಟೇ ಹೇಳಿದೆ. ಅವರು ಬಗ್ಗಿ ಪಾಟಿ ಓದಿ ಖಾತ್ರಿ ಮಾಡಿಕೊಂಡೇ ಚೀಲ ಬಿಚ್ಚಿದರು. ಯಾರದೋ ಮನೆಯಲ್ಲಿ, ಕಾಣದ ತಟ್ಟೆಯ ಮುಂದೆ ಕೂತವರು ರೊಟ್ಟಿ ಮುರಿಯುತ್ತ ನಾಗಮ್ಮನ ಹೆಸರು ಹೇಳುತ್ತಾರಲ್ಲ, ಅದು ನನಗೆ ಬೇಕಾಗಿತ್ತು. ನನ್ನ ಬಿಳಿ ಕಾರನ್ನು ನೋಡಿದವರು ಬಹಳ, ಮುರಿದು ತಿಂದವರು ಯಾರೂ ಇಲ್ಲ. ನನ್ನ ಹೆಸರಿನ ಒಂದು ಪಾಟಿ ಆ ಗೋದಾಮಿನಲ್ಲಿ ಇರಲೇಬೇಕೆಂಬ ಹಟ ನನ್ನಲ್ಲಿ ಹುಟ್ಟಿದ್ದು ಹೀಗೆ.

ನಡುವೆ ಒಂದು ತಮಾಷೆ ನಡೆಯಿತು. ಬುಕ್ಕಸಾಗರದ ರೈತರೊಬ್ಬರು ಹಟಹಿಡಿದು ಕೆಂಪಕ್ಕಿ ಬೆಳೆದು, ತವುಡು ಹೋಗದ ಹಾಗೆ ಮಿಲ್ಲು ಮಾಡಿಸಿ ತಂದರು. ಮೊದಲ ವಾರವೇ ಖಾಲಿಯಾಯಿತು. ಎರಡನೆಯ ವಾರ ಕೊಂಡವರೆಲ್ಲ ಬಂದು, ಇದೆಂಥಾ ಅಕ್ಕಿ, ಬರೀ ಬೂದಿ ತಿಂದ ಹಾಗಿದೆ ಎಂದು ಮುಖ ಕಿವುಚಿದರು. ವಿಚಾರಿಸಿದರೆ ಒಬ್ಬರಾದರೂ ಅದನ್ನು ಹಾಗೇ ಬೇಯಿಸಿರಲಿಲ್ಲ. ಹೊಸಪೇಟೆಯ ಹೆಂಗಸಿಗೆ ಕೆಂಪೆಂದರೆ ಲಾರಿಯ ದೂಳು; ಬಟ್ಟೆ ಕೆಂಪಾದರೆ ಒಗೆಯಬೇಕು, ಎಲೆ ಕೆಂಪಾದರೆ ತೊಳೆಯಬೇಕು, ಅಕ್ಕಿ ಕೆಂಪಾಗಿದ್ದರೆ ಬಿಡುತ್ತೇವೆಯೇ? ನೀರು ತಿಳಿಯಾಗುವವರೆಗೆ ಎರಡೂ ಅಂಗೈಯಲ್ಲಿ ಉಜ್ಜಿ ಉಜ್ಜಿ ಅದರ ಸಾರವನ್ನೆಲ್ಲ ಬಚ್ಚಲಿಗೆ ಹರಿಸಿದ್ದೆವು. ಆ ರೈತರು ತಲೆಯ ಮೇಲೆ ಕೈಹೊತ್ತು ಕೂತು, "ಯವ್ವಾ, ಅದು ಅಕ್ಕೀ ಬಣ್ಣ! ಅಕ್ಕೀದೇ ಬಣ್ಣ!" ಎಂದರು. ಉಜ್ಜಿದವರಲ್ಲಿ ನಾನೂ ಇದ್ದೆ. ನಾಗಮ್ಮನ ಜೋಳವನ್ನು ಮಾತ್ರ ಯಾರೂ ಉಜ್ಜಬೇಕಾಗಿರಲಿಲ್ಲ, ಅದು ಮುತ್ತಿನ ಹಾಗೆ ಬೆಳ್ಳಗಿತ್ತು.

ನನ್ನ ಹಟಕ್ಕೆ ಆಸರೆಯಾಗಿದ್ದುದು ಹಿತ್ತಿಲ ನುಗ್ಗೆಮರ. ಹೊಲ ಹೋದರೇನು, ಹಿತ್ತಿಲೂ ಮಣ್ಣೇ ತಾನೆ? ನುಗ್ಗೆಸೊಪ್ಪು ತರುತ್ತೇನೆಂದು ಹೆಸರು ಕೊಟ್ಟೆ. ಹೊಸ ಪದಾರ್ಥ ಬಂದರೆ ಹುಣ್ಣಿಮೆಯ ದಿನ ಅದನ್ನು ಅಡುಗೆ ಮಾಡಿ ಸದಸ್ಯರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು, ಎಲ್ಲರೂ ಹೂಂ ಎಂದ ಮೇಲೇ ಪಾಟಿ, ಇದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬೆಳಗಿನಿಂದ ಸೊಪ್ಪು ತೊಳೆದೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿದೆ, ಗೋದಾಮಿನ ತುಂಬ ಘಮ ಹರಡಿತು. ಮೊದಲ ತುತ್ತಿಗೇ ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಹಲ್ಲಿನಡಿ ಕರಕರ ಸದ್ದು. ನಮ್ಮ ಓಣಿಯ ಹಿಂದೆಯೇ ಲಾರಿಗಳ ರಸ್ತೆ, ನುಗ್ಗೆಯ ಎಲೆಯೋ ಬಲು ಸಣ್ಣದು. ಎಷ್ಟು ತೊಳೆದರೂ ದೂಳು ಉಳಿದಿತ್ತು. ಟೀಚರ್ ನೀರು ಕುಡಿಯುವ ನೆಪದಲ್ಲಿ ಎದ್ದರು. ನಾಗಮ್ಮ ಒಬ್ಬಳೇ ಪೂರ್ತಿ ತಿಂದು, ಬೆರಳು ನೆಕ್ಕಿ, "ಉಪ್ಪುಖಾರ ಮಸ್ತ್ ಹಿಡದೈತಿ, ಶಾರದಾ" ಎಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ರಾತ್ರಿ ಮನೆಗೆ ಬಂದು ಅತ್ತುಬಿಟ್ಟೆ.

ಅದಾದ ಮೇಲೆ ಅವಳ ಜೋಳಕ್ಕೆ ಏನಾದರೂ ಆಗಲಿ ಎಂದು ನಾನು ಬಯಸಿದೆನೇ? ಬಾಯಿಬಿಟ್ಟು ಬಯಸಲಿಲ್ಲ. ಆದರೆ ಈ ಸಲ ಸುಗ್ಗಿ ಮುಗಿದರೂ ಅವಳ ಚೀಲ ಬಾರದೆ, ಬರೀ ಪಾಟಿ ಗೋಡೆಗೆ ಒರಗಿದ್ದಾಗ ನನ್ನ ಎದೆಯಲ್ಲಿ ಏನೋ ಹಗುರವಾದದ್ದು ನಿಜ. ಆ ಹಗುರವೂ ಉಳಿಯಲಿಲ್ಲ. ಬಂದವರೆಲ್ಲ "ನಾಗಮ್ಮಂದು ಯಾವಾಗ ಬರತೈತ್ರಿ?" ಎಂದು ಕೇಳಿ, ಪಕ್ಕದಲ್ಲಿದ್ದ ಬೇರೆಯವರ ಜೋಳವನ್ನು ಮುಟ್ಟದೆ ಹೋಗತೊಡಗಿದರು. ಇಲ್ಲದ ಜೋಳದ ಮೇಲೂ ಹೊಟ್ಟೆಕಿಚ್ಚುಪಡುವ ಯೋಗ ನನ್ನದಾಯಿತು.

ಕೊನೆಗೆ ಚೀಲ ಬಂತು, ಅರ್ಧ ಚೀಲ. ಬಾಯಿ ಬಿಚ್ಚಿದಾಗ ಎಲ್ಲರೂ ಬಗ್ಗಿ ನೋಡಿದರು. ಕಾಳು ಸಣ್ಣಗಾಗಿತ್ತು, ಮೇಲೆ ಇಟ್ಟಿಗೆಪುಡಿ ಸವರಿದಂತೆ ಕೆಂಪು. ಜೋಳ ಹೂವಿಗೆ ಬಂದ ದಿನಗಳಲ್ಲಿ ಈ ಸಲ ಗಾಳಿ ನಮ್ಮ ಹೊಲದ ಕಡೆಯಿಂದ ಬೀಸಿತ್ತಂತೆ. ನಮ್ಮ ಹೊಲದಲ್ಲಿ ಈಗ ಇರುವುದು ಅದಿರಿನ ಗುಡ್ಡೆ. ಆ ಕಡೆಯ ತೆನೆಗಳು ಅರ್ಧ ಜೊಳ್ಳು. ಟೀಚರ್ ನನ್ನ ಕಡೆ ನೋಡಿ, ತಟ್ಟನೆ ಬೇರೆ ಕಡೆ ನೋಡಿದರು. ನಾಗಮ್ಮ ಅದರಲ್ಲಿ ಒಂದಷ್ಟು ಜೋಳವನ್ನು ಅಲ್ಲೇ ತೊಳೆದು, ಒಣಗಿಸಿ, ಬೀಸಿಸಿ, ಸಂಜೆ ರೊಟ್ಟಿ ತಟ್ಟಿ ಎಲ್ಲರಿಗೂ ಕೊಟ್ಟಳು. ಹಲ್ಲಿಗೆ ಏನೂ ಸಿಗಲಿಲ್ಲ. ಸಿಹಿ ಕೊಂಚ ಕಡಿಮೆ, ಆದರೂ ಅವಳದೇ ರೊಟ್ಟಿ. ತೊಳೆದು ಬಳಸಬೇಕೆಂದು ಗಿರಾಕಿಗಳಿಗೆ ಹೇಳಿಯೇ ಮಾರೋಣ ಎಂದು ತೀರ್ಮಾನವಾಯಿತು.

ಆಗ ಅವಳು ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಳಪ ತೆಗೆದುಕೊಂಡಳು. "ಬರೇ ನನ್ ಹೆಸರು ಬರದ್ರ ತಪ್ಪಾಗತೈತ್ರಿ, ಟೀಚರ್. ಇದ್ರಾಗ ಶಾರದಾನ ಹೊಲಾನೂ ಐತಿ. ಬದು ದಾಟಿ ಬಂದದ್ದು ಇಬ್ಬರಿಗೂ ಅರ್ಧ, ನಮ್ಮತ್ತಿ ಹೇಳ್ಯಾಳ." ಹೀಗೆಂದು ತನ್ನ ದುಂಡಗಿನ ಅಕ್ಷರದಲ್ಲಿ, ನಿಧಾನವಾಗಿ, ತನ್ನ ಹೆಸರಿನ ಕೆಳಗೆ ನನ್ನ ಹೆಸರು ಬರೆದಳು. ಚುಚ್ಚಿ ಆಡಿದಳೇನೋ ಎಂದು ಅವಳ ಮುಖವನ್ನು ಹುಡುಕಿ ಹುಡುಕಿ ನೋಡಿದೆ. ಕುಂಬಳಕಾಯಿಯ ಹೋಳು ತಂದುಕೊಡುವಾಗಿನ ಮುಖವೇ ಅದು. ವ್ಯಂಗ್ಯದ ಸುಳಿವೇ ಇರಲಿಲ್ಲ. ನಾನು ಅಷ್ಟೊಂದು ಹಂಬಲಿಸಿದ ಪಾಟಿ ನನಗೆ ಸಿಕ್ಕಿತ್ತು.

ಯುಗಾದಿಗೆ ಗುತ್ತಿಗೆದಾರನ ಕರಾರು ಮುಗಿಯುತ್ತದೆ. ಮುಂದುವರಿಸುವುದು ಬೇಡ ಎಂದು ಯಜಮಾನರಿಗೆ ಹೇಳಿದ್ದೇನೆ. "ಕಾರಿಗೆ ಎಣ್ಣೀ ನಿಮ್ಮಕ್ಕ ನಾಗಮ್ಮ ಹಾಕತಾಳೇನು?" ಎಂದು ಅವರು ಎಗರಾಡಿದ್ದಾರೆ. ಕಾರು ಮಾರೋಣ ಎಂದಿದ್ದೇನೆ. ಮನೆಯಲ್ಲಿ ಸದ್ಯಕ್ಕೆ ಮಾತುಕತೆ ಅಷ್ಟಕ್ಕಷ್ಟೆ. ನಾಗಮ್ಮನೋ ಯಾರೂ ಕೇಳದೆಯೇ ನನ್ನ ಪಾಲಿನ ಬಿತ್ತನೆ ಜೋಳವನ್ನು ಗಡಿಗೆಯಲ್ಲಿ ಬೂದಿ ಬೆರೆಸಿ ಎತ್ತಿಟ್ಟಿದ್ದಾಳಂತೆ. ಅದನ್ನು ಕೇಳಿ ಅವಳ ಆ ಮನಸ್ಸಿನ ಮೇಲೂ ಒಂದಿಷ್ಟು ಕರುಬಿದೆ.

ಮೊನ್ನೆ ಗುರುವಾರ ತಕ್ಕಡಿಯ ಮುಂದೆ ಕೂತಿದ್ದೆ. ದೋಣಿಮಲೈಯವರು ಬಂದರು, ಎಂದಿನಂತೆ ಬಗ್ಗಿ ಪಾಟಿ ಓದಿದರು.

"ಶಾರದಾ ಅಂದ್ರ ಯಾರ್ರಿ?"

"ನಾನೇ ರೀ."

"ಹೌದಾ! ಇದ್ರಾಗ ನಿಮ್ಮದು ಯಾವುದು, ಅವರದು ಯಾವುದು?"

ಅವರು ಕೇಳಿದ್ದು ಖುಷಿಯಿಂದಲೇ. ಜೋಳವನ್ನು ಅಳೆದು ಅವರ ಬಟ್ಟೆಚೀಲಕ್ಕೆ ಸುರಿದೆ. "ಮನೀಗೆ ಹೋಗಿ ತೊಳೀರಿ. ಮೊದಲ ನೀರು ಕೆಂಪಗ ಬರತೈತಿ, ಅದು ನಂದು. ಅದನ್ನ ಚೆಲ್ಲಿಬಿಡ್ರಿ. ಉಳಿದದ್ದು ನಾಗಮ್ಮಂದು."

ಅವರು ಹೋದ ಮೇಲೆ ಪಾಟಿಯನ್ನು ಕೈಗೆತ್ತಿಕೊಂಡೆ. ನನ್ನ ಹೆಸರು ಒರೆಸಲು ಸೆರಗಿನ ತುದಿ ಬೆರಳಿಗೇ ಸಿಕ್ಕಿತ್ತು. ಒರೆಸಲಿಲ್ಲ. ಹೊಲದ ಮೇಲಿನ ಅದಿರಿನ ಗುಡ್ಡೆ ತೆರವಾಗುವ ತನಕ ಹಾಗೇ ಇರಲಿ ಎಂದು, ಬಂದವರಿಗೆ ಎರಡೂ ಹೆಸರು ಕಾಣುವ ಹಾಗೆ ಚೀಲಕ್ಕೆ ಒರಗಿಸಿಟ್ಟೆ.