ಅಕ್ಕನ ಪಥ್ಯ

ಅಕ್ಕನ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ತಿರುವಿ ಅವು ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಎಂದೂ ಒಪ್ಪುತ್ತಿರಲಿಲ್ಲ. “ಮಸ್ಕಿ ಊರಾಗ ನನ್ನ ಗುರ್ತ ಹಿಡೀಲಾರದ್ದು ಈ ಡಬ್ಬಿ ಒಂದ ನೋಡು” ಎಂದು ಅದಕ್ಕೆ ಬೈದೇ ಅಕ್ಕಿ ತರುತ್ತಿದ್ದಳು.

ಅವ್ವ ಸತ್ತಾಗ ನಾನಿನ್ನೂ ಸಣ್ಣವನು. ನನ್ನನ್ನು ಸಾಕಿದವಳು ಅಕ್ಕ. ಅವಳಿಗೆ ಮಕ್ಕಳಾಗಲಿಲ್ಲ, ಭಾವನೂ ಬೇಗ ಹೋದ. ಆಮೇಲೆ ಮಸ್ಕಿಯ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟೇ ಬದುಕಿದಳು. ಯಾರ ಮೇಲಾದರೂ ಸಿಟ್ಟಿದ್ದ ದಿನ ರೊಟ್ಟಿ ಬಹಳ ತೆಳ್ಳಗಾಗುತ್ತಿತ್ತು. ಖಾನಾವಳಿಯವರು “ಇವತ್ತ ಯಾರಿಗಿ ಬಡದೀರಿ ಅಕ್ಕಾರ?” ಎಂದು ಕೇಳುತ್ತಿದ್ದರು.

ಅವಳದೊಂದು ಹುಚ್ಚಿತ್ತು. ಯಾರಿಗೆ ಏನೇ ಕೊಡಲಿ, ತೊಳೆದು ಕೊಡಬೇಕು. ಪಕ್ಕದ ಮನೆಯ ಚಾಚಿ ಮೊಸರಿಗೆ ಹೆಪ್ಪು ಕೇಳಲು ಬಂದರೆ, ಬೂದಿ ಹಚ್ಚಿ ಬಟ್ಟಲು ತಿಕ್ಕಿ, ತೊಳೆದು, ಒರೆಸಿ, ಮತ್ತೆ ತೊಳೆಯುವಳು. ಚಾಚಿ ಅಲ್ಲಿಯವರೆಗೆ ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಮುಗಿಸುವಳು. “ಹೆಪ್ಪ ಕೊಡಾಕತ್ತೀಯೋ, ಹೆಣ್ಣ ಕೊಡಾಕತ್ತೀಯೋ?” ಎಂದು ನಾನು ಕಾಡಿದರೆ, “ನಿನಗೇನ ತಿಳೀತೈತಿ ಬಿಡು. ಕೊಡೋದು ಸಾಫ್ ಇರಬೇಕು. ಹೊಲಸ ಕೊಡೂದಕಿಂತ ಇಲ್ಲ ಅನ್ನೂದ ಬೇಷು” ಎನ್ನುವಳು.

ನಾನು ಲಿಂಗಸುಗೂರಿನ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಒಂದು ಬೇಸಿಗೆಯಲ್ಲಿ ಹಲ್ಲುಜ್ಜಿದರೆ ಒಸಡಿನಿಂದ ರಕ್ತ ನಿಲ್ಲದಾಯಿತು. ತೊಡೆ, ತೋಳುಗಳ ಮೇಲೆ ಪೆಟ್ಟು ಬೀಳದೆಯೇ ನೀಲಿ ಕಲೆಗಳೆದ್ದವು. ಬೆಂಗಳೂರಿನ ಆಸ್ಪತ್ರೆಗೆ ಹೋದಾಗ ಗೊತ್ತಾದದ್ದು: ನನ್ನ ಎಲುಬಿನೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ಬಿಟ್ಟಿದೆ. ಹೊಂದುವ ಇನ್ನೊಬ್ಬರಿಂದ ರಕ್ತ ಹುಟ್ಟಿಸುವ ಆಕರಕೋಶ ತೆಗೆದು ನನಗೆ ಕಸಿ ಮಾಡಬೇಕು, ಒಡಹುಟ್ಟಿದವರದಾದರೆ ಒಳ್ಳೆಯದು ಎಂದರು. ಒಡಹುಟ್ಟಿದವಳು ಒಬ್ಬಳೇ. ಪರೀಕ್ಷೆ ಮಾಡಿದರು, ಪೂರ್ತಿ ಹೊಂದಿತು.

ಅಕ್ಕ ಆ ದಿನ ಆಸ್ಪತ್ರೆಯಲ್ಲಿ ಕಂಡಕಂಡವರಿಗೆಲ್ಲ ಸಕ್ಕರೆ ಹಂಚಿದಳು. “ನಿನ್ನ ಬಾವಿ ಬತ್ತೈತಿ, ಅಷ್ಟ. ನಂದು ತುಂಬಿ ತುಳುಕಾಕತ್ತೈತಿ, ಬೇಕಾದಷ್ಟು ಸೇದಿಕೋ” ಎಂದಳು. ಸತ್ತೇ ಹೋಗುತ್ತೇನೆ ಎಂದು ಹೆದರಿದ್ದ ನಾನು ಅವತ್ತು ಹೊಟ್ಟೆ ತುಂಬ ಉಂಡೆ.

ದಾನಿಯ ರಕ್ತದಲ್ಲಿ ಅಂಟುರೋಗಗಳಿವೆಯೇ ಎಂದು ನೋಡುವುದು ಇನ್ನೂ ಬಾಕಿಯಿತ್ತು. ಎಚ್‌ಐವಿ ಇರಲಿಲ್ಲ, ಬೇರೆಯವೂ ಇರಲಿಲ್ಲ. ಲಿವರಿಗೆ ಬರುವ ಹೆಪಟೈಟಿಸ್ ಬಿ ಇತ್ತು.

“ಒಂದ ದಿನ ಜ್ವರ ಬಂದು ಮಲಗಿದಾಕಿ ಅಲ್ಲರೀ ನಾ, ಸಾಹೇಬ್ರ” ಎಂದಳು ಅಕ್ಕ.

ಡಾಕ್ಟರು ತಾಳ್ಮೆಯ ಮನುಷ್ಯ. “ಈ ವೈರಸ್ ಎಷ್ಟೋ ವರ್ಷ ಸುಮ್ಮನೆ ಕೂತಿರುತ್ತಮ್ಮ. ಹುಟ್ಟುವಾಗ ತಾಯಿಯಿಂದ ಬಂದಿರಬಹುದು, ಯಾವುದೋ ಸೂಜಿಯಿಂದ ಬಂದಿರಬಹುದು. ನಿಮ್ಮ ತಪ್ಪೇನಿಲ್ಲ. ಆದರೆ ಕಸಿಗೆ ಮೊದಲು ನಿಮ್ಮ ತಮ್ಮನ ಮೈಯ ಕಾವಲನ್ನೆಲ್ಲ ನಾವೇ ಔಷಧಿ ಕೊಟ್ಟು ಕೆಡವುತ್ತೀವಿ. ಆಗ ಇದು ಒಳಗೆ ಹೋದರೆ ಅವರ ಲಿವರ್ ಉಳಿಯಲ್ಲ. ದಿನಾ ಒಂದು ಗುಳಿಗೆ ಕೊಡ್ತೀನಿ. ವೈರಸ್ ಇಳಿದ ಮೇಲೆ ಕಸಿ ಮಾಡೋಣ. ಒಂದು ದಿನವೂ ಬಿಡಬೇಡಿ.”

ಊರಿಗೆ ಬರುವಾಗ ಬಸ್ಸಿನಲ್ಲಿ ಅವಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಮಸ್ಕಿಗೆ ಬಂದವಳೇ ತನ್ನ ತಾಟು, ಚರಗಿ ಬೇರೆ ಮಾಡಿದಳು. ಖಾನಾವಳಿಗಳಿಗೆ ರೊಟ್ಟಿ ಕೊಡುವುದನ್ನು ನಿಲ್ಲಿಸಿಬಿಟ್ಟಳು.

“ರೊಟ್ಟಿಯಿಂದ ಅಂಟಂಗಿಲ್ಲಕ್ಕಾ, ಡಾಕ್ಟರ ಹೇಳ್ಯಾರ” ಎಂದೆ.

“ಅವರೇನ ರೊಟ್ಟಿ ಬಡೀತಾರೇನು? ನನ್ನ ರಕ್ತನ ಹೊಲಸಂತ. ಇನ್ನ ಈ ಕೈಲೆ ಮಂದಿಗಿ ಉಣ್ಣಾಕ ಹೆಂಗ ಕೊಡ್ಲಿ?”

“ಹೊಲಸು ಅಂತ ಯಾರೂ ಅಂದಿಲ್ಲ.”

“ಅನ್ನಬೇಕೇನು? ಕೊಡಾಕ ಹೋದಾಕಿನ್ನ ಹೊಳ್ಳಿ ಕಳಿಸ್ಯಾರ.”

ಅಷ್ಟು ದಿನ ಅವಳ ಮನೆಯ ಮುಂದೆ ಬೆಳಗಾದರೆ ಕೇಳುತ್ತಿದ್ದ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು. ಓಣಿಯವರು ಕಾರಣ ಕೇಳಿದರೆ ರಟ್ಟೆನೋವು ಎನ್ನುತ್ತಿದ್ದಳು.

ಗುಳಿಗೆ ನುಂಗತೊಡಗಿದಳು. ಸಿಂಧನೂರಿನ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಅಲ್ಲಿಂದ ಬೆಂಗಳೂರಿಗೆ ಕಳಿಸುತ್ತಿದ್ದರು. “ಚೆನ್ನಾಗಿ ಇಳೀತಿದೆ, ಇನ್ನೂ ಸ್ವಲ್ಪ ಇಳೀಬೇಕು” ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ನನಗದು ಒಳ್ಳೆಯ ಸುದ್ದಿ. ಅವಳಿಗೆ ‘ಇನ್ನೂ’ ಎಂಬುದಷ್ಟೇ ಕೇಳಿಸಿತು. ಆ ಹೊತ್ತಿಗೆ ನಾನು ಪದೇ ಪದೇ ರಾಯಚೂರಿಗೆ ಹೋಗಿ ಯಾರ ಯಾರದೋ ರಕ್ತ ಏರಿಸಿಕೊಂಡು ಬರುತ್ತಿದ್ದೆ. ಮಸ್ಕಿಗೆ ಹೋದಾಗಲೆಲ್ಲ ಅವಳು ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡುವಳು. “ಬಿಳಿ ಹಾಳಿ ಆಗೈತಲ್ಲೋ ಎಪ್ಪಾ” ಎಂದು ಸೆರಗು ಬಾಯಿಗೆ ಒತ್ತಿಕೊಳ್ಳುವಳು.

ಆಗ ಯಾರೋ ಅವಳಿಗೆ ಸಂತೆಕಲ್ಲೂರಿನ ಆಚೆ ಕಾಮಣಿಗೆ, ಅಂದರೆ ಕಾಮಾಲೆ ರೋಗಕ್ಕೆ, ಎಲೆಯ ರಸ ಕೊಡುವ ಮುದುಕನ ಸುದ್ದಿ ಹೇಳಿದರು. ನಮ್ಮ ಕಡೆ ಕಣ್ಣು ಹಳದಿಯಾದವರೆಲ್ಲ ಮೊದಲು ಹೋಗುವುದು ಅಂಥವರ ಹತ್ತಿರವೇ. ಲಿವರಿನ ರೋಗವೆಂದರೆ ಒಳಗೆ ಅಡಗಿ ಕೂತ ಕಾಮಣಿಯೇ ಸೈ ಎಂದು ಅಕ್ಕ ಲೆಕ್ಕ ಹಾಕಿದಳು. ಮುದುಕ ನಸುಕಿನಲ್ಲಿ ಬರಿಹೊಟ್ಟೆಗೆ ರಸ ಕುಡಿಸಿ, ಪಥ್ಯ ಹೇಳಿದ. ಉಪ್ಪು, ಖಾರ, ಎಣ್ಣೆ ಮುಟ್ಟಬಾರದು. ಜೋಳದ ನುಚ್ಚು, ಮಜ್ಜಿಗೆ ಅಷ್ಟೇ. ಎಲೆಯ ಔಷಧ ಹೊಟ್ಟೆಯಲ್ಲಿರುವವರೆಗೆ ಇಂಗ್ಲಿಷ್ ಗುಳಿಗೆ ಬೀಳಬಾರದು. ಮೊದಲು ಹಳದಿ ಹೊರಗೆ ಬರುತ್ತದೆ, ಆಮೇಲೆ ಮೈ ಸಾಫ್ ಆಗುತ್ತದೆ ಎಂದೂ ಹೇಳಿ ಕಳಿಸಿದ.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಫೋನಿನಲ್ಲಿ ಔಷಧದ ಮಾತೆತ್ತಿದರೆ “ಎಲ್ಲಾ ನೇಮದಾಗ ನಡದೈತಿ, ನೀ ನಿನ್ನ ಚಿಂತಿ ಮಾಡು” ಎನ್ನುವಳು. ಅವಳ ಪಾಲಿಗೆ ಅದು ಖರೆಯೇ ಆಗಿತ್ತು. ಅಷ್ಟು ನೇಮದಿಂದ ಪಥ್ಯ ಹಿಡಿದವರು ಮಸ್ಕಿಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಒಂದು ದಿನ ಹೇಳದೆ ಕೇಳದೆ ಲಿಂಗಸುಗೂರಿಗೆ ಬಂದು ನನ್ನ ಬಾಗಿಲಲ್ಲಿ ನಿಂತಳು. ಸೊರಗಿ ಕಡ್ಡಿಯಾಗಿದ್ದಳು, ಆದರೆ ಮುಖದಲ್ಲಿ ನಗು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದನ್ನು ನೋಡಿದ್ದೆ. ಎರಡೂ ಕಣ್ಣು ಅರಳಿಸಿ ನನ್ನ ಮುಂದೆ ಹಿಡಿದಳು.

“ನೋಡಲೇ ತಮ್ಮಾ! ಹೊರಗ ಬಂದೈತಿ!”

ಬಣ್ಣ ಕಲಸುವುದೇ ನನ್ನ ಕಸುಬು. ಅಂಥ ಹಳದಿಯನ್ನು ಮನುಷ್ಯರ ಕಣ್ಣಿನಲ್ಲಿ ನಾನು ನೋಡಿರಲಿಲ್ಲ. ಅಂಗೈಯೂ ಹಳದಿ, ಉಗುರೂ ಹಳದಿ.

“ಅಕ್ಕಾ, ಗುಳಿಗಿ ತಗೊಳ್ಳಾಕತ್ತೀಯಿಲ್ಲೋ?”

“ಬಿಟ್ಟು ಭಾಳ ದಿನ ಆತು. ಎರಡು ಔಷಧ ಒಂದ ಹೊಟ್ಟ್ಯಾಗ ಕೂಡಂಗಿಲ್ಲಂತ. ಅದು ಆಮಿ ಹಂಗ ನಡೀತಿತ್ತಲ್ಲೋ, ನೀ ಎಲ್ಲಿ ತನ ತಡಕೋತಿ? ಇದು ಜಲ್ದಿ. ಇನ್ನೊಂದೀಟು ದಿವಸ, ಹಳದಿ ಇಳೀತಂದ್ರ ಸಾಫ್. ನಡಿ, ಡಾಕ್ಟರಗ ಫೋನ್ ಹಚ್ಚು, ತಯಾರಿ ಮಾಡ್ರಿ ಅನ್ನು.”

ಫೋನ್ ಹಚ್ಚಿದೆ. ಡಾಕ್ಟರು ಈಗಿಂದೀಗಲೇ ದೊಡ್ಡ ಆಸ್ಪತ್ರೆಗೆ ಸೇರಿಸಿ ಎಂದರು.

ರಾಯಚೂರಿನಲ್ಲಿ ಸೇರಿಸಿದೆವು. ಗುಳಿಗೆಯನ್ನು ಒಮ್ಮೆಲೇ ಬಿಟ್ಟದ್ದಕ್ಕೆ ಮಲಗಿದ್ದ ವೈರಸ್ ಎದ್ದು ಕೂತಿದೆ, ಎಲೆಯ ರಸವೂ ಲಿವರಿಗೆ ಪೆಟ್ಟು ಕೊಟ್ಟಿರಬಹುದು, ಈಗ ಏನೂ ಹೇಳಲಾಗದು ಎಂದರು. ಹೊಟ್ಟೆ ಉಬ್ಬಿತು. ಮಾತು ತೊದಲತೊಡಗಿತು. ರಕ್ತ ತೆಗೆಯಲು ನರ್ಸ್ ಬಂದಾಗಲೆಲ್ಲ ಅಕ್ಕ ತಾನೇ ತೋಳು ಮುಂದೆ ಚಾಚುವಳು. “ಬೇಕಾದಷ್ಟು ತಗೋವ್ವಾ. ಸಾಫ್ ಆತೇನು ನೋಡು. ನನ್ನ ತಮ್ಮಗ ಕೊಡೂದೈತಿ.” ಆ ಹುಡುಗಿ ಏನೂ ತಿಳಿಯದೆ ನನ್ನ ಮುಖ ನೋಡುವಳು. ನಾನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದೆ.

ಇನ್ನೊಂದು ವಾರವೂ ಉಳಿಯಲಿಲ್ಲ ಅಕ್ಕ.

ಮಸ್ಕಿಯಲ್ಲೇ ಮಣ್ಣು ಮಾಡಿದರು. ಮಂದಿಯ ನಡುವೆ ಹೋಗಬಾರದು, ಧೂಳು ಕುಡಿಯಬಾರದು ಎಂದು ನನಗೆ ಡಾಕ್ಟರ ಕಟ್ಟಪ್ಪಣೆಯಿತ್ತು. ಸಾಕಿದವಳಿಗೆ ಹೆಗಲು ಕೊಡಲಾಗಲಿಲ್ಲ. ದೂರದಲ್ಲಿ ಟೆಂಪೋದೊಳಗೆ ಮಾಸ್ಕ್ ಹಾಕಿಕೊಂಡು ಕೂತು ನೋಡಿದೆ. ಆ ಮುದುಕನೂ ಬಂದಿದ್ದನಂತೆ, ಬಿಕ್ಕಿ ಬಿಕ್ಕಿ ಅತ್ತನಂತೆ. ಅವನ ಕೊರಳಪಟ್ಟಿ ಹಿಡಿಯಬೇಕೆಂದು ನಾನು ಹಲ್ಲು ಕಡಿಯುತ್ತಿದ್ದೆ. ಅಳುತ್ತಿದ್ದಾನೆಂದು ಕೇಳಿದ ಮೇಲೆ ಆ ಸಿಟ್ಟೂ ಉಳಿಯಲಿಲ್ಲ. ಅವನು ಔಷಧಕ್ಕೆಂದು ಯಾರಿಂದಲೂ ದುಡ್ಡು ತೆಗೆದುಕೊಳ್ಳುವವನಲ್ಲ. ದೇವರನ್ನು ಬೈದೆ, ಅಕ್ಕನನ್ನೂ ಬೈದೆ. ಯಾವುದರಿಂದಲೂ ಎದೆ ಹಗುರಾಗಲಿಲ್ಲ.

ಬೆಂಗಳೂರಿನ ಡಾಕ್ಟರಿಗೆ ಸುದ್ದಿ ತಿಳಿಸಿದೆ. “ಗುಳಿಗೆ ಕೆಲಸ ಮಾಡ್ತಾ ಇತ್ತು ಮಾಸ್ಟ್ರೇ” ಎಂದಷ್ಟೇ ಹೇಳಿದರು. ಬೇರೆ ದಾನಿಗಾಗಿ ದೇಶದ ತುಂಬ ಹುಡುಕಿಸುತ್ತಿದ್ದಾರೆ. ಇಲ್ಲಿಯವರೆಗೆ ಯಾರದೂ ಹೊಂದಿಲ್ಲ.

ನಾನು ಮಾತ್ರ ಇನ್ನೂ ಇದ್ದೇನೆ. ಗುರುತಿಲ್ಲದವರ ರಕ್ತ ಏರಿಸಿಕೊಂಡು, ಅದು ಇಳಿಯುವವರೆಗೆ ಮಕ್ಕಳಿಗೆ ಹಣ್ಣು, ಹೂಜಿ ಬರೆಯುವುದನ್ನು ಕಲಿಸುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದವರು ನನ್ನ ಬಿಳಿಚಿದ ಮುಖ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ:

“ಡೋನರ್ ಸಿಕ್ಕರೇನ್ರಿ ಮಾಸ್ತರ?”

ಸಿಕ್ಕಿದ್ದಳು, ಎನ್ನುತ್ತೇನೆ.