ಐವತ್ತು ಫೆನ್ನಿಗ್ ನೋಟಿನ ಕೊಂಬುಗಾರ

ಪುರಸಭೆಯ ಖಜಾನೆಗೆ ಗುಮಾಸ್ತನಾಗಿ ಸೇರಿದ ಹೊಸದರಲ್ಲಿ, ಸಾವಿರದ ಒಂಬೈನೂರ ಇಪ್ಪತ್ತೊಂದನೇ ಇಸವಿಯಲ್ಲಿ, ಬರ್ಲಿನ್, ಹ್ಯಾಂಬರ್ಗ್ ಕಡೆಯಿಂದ ‘ನಿಮ್ಮೂರಿನ ದುಡ್ಡು ದಯವಿಟ್ಟು ಕಳಿಸಿ’ ಎಂದು ದಿನಾ ಕಾಗದ ಬರುತ್ತಿತ್ತು. ಯುದ್ಧ ಮುಗಿದು ಎಲ್ಲರೂ ಭಿಕ್ಷೆಗಿಳಿದಿದ್ದಾರೆ ಅಂದುಕೊಂಡೆ. ‘ನಾವೂ ಗಡ್ಡೆ ತಿಂದೇ ಬದುಕಿದ್ದೇವೆ, ನಿಮ್ಮೂರಲ್ಲೇ ಕೇಳಿಕೊಳ್ಳಿ’ ಎಂದು ಹನ್ನೊಂದು ಜನಕ್ಕೆ ಬರೆದೂ ಬಿಟ್ಟೆ. ಆಮೇಲೆ ನೋಡಿದರೆ ಅವರು ಊರೂರೂ ಅಚ್ಚು ಹಾಕಿಸುತ್ತಿದ್ದ ಚಿತ್ರದ ನೋಟು ಕೂಡಿಡುವ ಹವ್ಯಾಸಿಗಳು, ಬೆಲೆ ಕೊಟ್ಟೇ ಕೊಳ್ಳುವವರು.

‘ಗಿರಾಕಿಗೆ ಬುದ್ಧಿ ಹೇಳಿ ಕಳಿಸ್ತೀಯಲ್ಲೋ, ಪಾದ್ರಿ ಆಗ್ಬೇಕಿತ್ತು ನೀನು!’ ಎಂದು ಖಜಾಂಚಿ ರೀಡೆಲ್ ನನ್ನನ್ನು ಹಿಂದಿನ ಕೋಣೆಗೆ ಅಟ್ಟಿದರು.

ಅಲ್ಲಿ ಫ್ರೌ ಹಾರ್ಟುಂಗ್ ಇದ್ದರು, ಐವತ್ತು ದಾಟಿದ ವಿಧವೆ. ಚಿಲ್ಲರೆ ನಾಣ್ಯ ಸಿಗದೆ ಊರೇ ಅಚ್ಚು ಹಾಕಿಸಿದ್ದ ನೋಟುಗಳು ವಾಪಸು ಬಂದಾಗ, ಹತ್ತತ್ತು ಜೋಡಿಸಿ, ನಡುವೆ ಟೊಳ್ಳು ಬಾಯಿಯ ಉಳಿಯಿಟ್ಟು, ಮತ್ತೆ ಚಲಾವಣೆಯಾಗದಂತೆ ಸುತ್ತಿಗೆಯಿಂದ ತೂತು ಹೊಡೆಯುವುದು ಆಕೆಯ ಕೆಲಸ.

ಐವತ್ತು ಫೆನ್ನಿಗ್ ನೋಟಿನ ನಟ್ಟನಡುವೆ ಕೊಂಬು ಊದುವವನೊಬ್ಬನಿದ್ದ. ಅವನು ಆಕೆಯ ಮಗ ವೀಲಾಂಡ್. ಊರ ಗೋಪುರದಿಂದ ಗಂಟೆಗೊಮ್ಮೆ ಕೊಂಬು ಊದುತ್ತಿದ್ದವನು ಯುದ್ಧಕ್ಕೆ ಹೋದ; ಫ್ರಾನ್ಸಿನ ಕೆಸರಿನಿಂದ ದೇಹವೂ ಬರಲಿಲ್ಲ. ಊರ ಚಿತ್ರಗಾರ ಅವನ ಫೋಟೋ ನೋಡಿಯೇ ನೋಟಿಗೆ ಬರೆದಿದ್ದ.

ಆ ನೋಟುಗಳಿಗೆ ಮಾತ್ರ ಆಕೆ ಮೂಲೆಯಲ್ಲಿ ಉಳಿಯಿಡುತ್ತಿದ್ದರು. ಹೇಗೂ ಒಲೆಗೆ ಹೋಗುವ ಕಾಗದವೆಂದು ನಾನೂ ಸುಮ್ಮನಿದ್ದೆ. ಒಂದು ದಿನ ರೀಡೆಲ್ ಕಣ್ಣಿಗೆ ಬಿತ್ತು.

‘ಇದೇನು ಫ್ರೌ ಹಾರ್ಟುಂಗ್? ಯಾರಾದ್ರೂ ಮೂಲೆ ಕತ್ತರಿಸಿ ಇದನ್ನೇ ಮತ್ತೆ ತಂದ್ರೆ? ತೂತು ನಡುವೆಯೇ ಇರ್ಬೇಕು.’

‘ನಡುವೆ ಅವನ ಮುಖ ಇದೆ ಸ್ವಾಮಿ. ಕಾಲಿಗೆ ಹೊಡೀಲಾ?’

ರೀಡೆಲ್ ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ, ಅವರ ಅಳಿಯನೂ ಮರಳಿರಲಿಲ್ಲ. ‘ನಾಡಿದ್ದು ತಪಾಸಣೆಗೆ ಬರ್ತಾರೆ. ಎರಡು ಸಾವಿರ ನೋಟೂ ಮತ್ತೆ ಹೊಡೀಬೇಕಮ್ಮ. ನಿಮ್ಮಿಂದ ಆಗಲ್ಲಾಂದ್ರೆ ಇವನು ಹೊಡೀತಾನೆ.’

‘ಕೊಡಿ ಫ್ರೌ, ನಾನೇ ಮಾಡ್ತೀನಿ,’ ಎಂದೆ. ಆಕೆ ಸುತ್ತಿಗೆ ಬಿಟ್ಟುಕೊಡಲಿಲ್ಲ.

ಇಡೀ ದಿನ ಹೊಡೆದರು. ಪ್ರತಿ ಕಟ್ಟಿನ ಮೇಲಿನ ನೋಟನ್ನು ಹೆಬ್ಬೆರಳಿನಿಂದೊಮ್ಮೆ ಸವರುವುದು, ಆಮೇಲೆ ಉಳಿ, ಒಂದೇ ಏಟು. ಉಳಿ ಕೊಡವಿದಾಗ ಬಟಾಣಿ ಕಾಳಿನಷ್ಟು ಮುಖಗಳು ಮಡಿಲಿಗೆ ಉದುರುತ್ತಿದ್ದವು. ಸಂಜೆ ಏಳುವಾಗ ಆಕೆ ಮಡಿಲು ಝಾಡಿಸಲಿಲ್ಲ. ಏಪ್ರನ್ನಿನ ತುದಿ ಒಟ್ಟುಮಾಡಿ ಗಂಟು ಹಾಕಿಕೊಂಡರು.

ಕೇಳಬಾರದ್ದನ್ನು ಕೇಳುವುದರಲ್ಲಿ ನಾನು ನಿಸ್ಸೀಮ. ‘ಹೆತ್ತ ಮಗನ ಮುಖಕ್ಕೆ ಹೊಡೆಯೋಕೆ ಕೈ ಹೇಗೆ ಬಂತು ಫ್ರೌ?’

‘ನೀನು ಹೊಡೆದಿದ್ರೆ ಒಂದೇ ಏಟಿಗೆ ಹೋಗ್ತಿರಲಿಲ್ಲ, ಅವನಿಗೆ ಎರಡನೇದೂ ಬೀಳ್ತಿತ್ತು,’ ಎಂದರು.